ತಿಮ್ಮಯ್ಯನವರು ಇಳಿಯುವುದಿಲ್ಲ

ತಿಮ್ಮಯ್ಯನವರು ತಮ್ಮ ಐವತ್ತೆಂಟು ವರ್ಷದ ಬಾಳಿನಲ್ಲಿ ಹತ್ತಿದ ಅತಿ ಎತ್ತರದ ವಸ್ತು ಎಂದರೆ ಕಬ್ಬಿನ ಲಾರಿ. ಅದನ್ನಾದರೂ ಪೂರ್ತಿ ಹತ್ತಿದ್ದಕ್ಕೆ ಸಾಕ್ಷಿಯಿಲ್ಲ. ಅರ್ಧ ಹತ್ತಿ, ಮೇಲಿದ್ದ ಆಳುಗಳಿಗೆ ಎರಡು ಬುದ್ಧಿಮಾತು ಹೇಳಿ ಇಳಿದುಬಿಟ್ಟರು ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಮನೆಯ ಹಿತ್ತಲಲ್ಲಿ ಹನ್ನೊಂದು ತೆಂಗಿನ ಮರಗಳಿವೆ, ನಿಜ. ಆದರೆ ಕಾಯಿ ಕೀಳಲು ಹತ್ತುವವನು ಬೇರೆ. ತಿಮ್ಮಯ್ಯನವರದು ಕೆಳಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, "ಆ ಗೊನೆ ಅಲ್ಲ ಕಣ್ಲಾ, ಅದ್ರ ಪಕ್ಕದ್ದು" ಎಂದು ತೋರಿಸುವ ಕೆಲಸ. ಆ ಕೆಲಸದಲ್ಲಿ ಮಾತ್ರ ಅವರು ಮೂವತ್ತು ವರ್ಷದಿಂದ ಒಂದು ಸಲವೂ ಗೈರುಹಾಜರಾದವರಲ್ಲ.

ಇಂಥವರು ಒಂದು ಭಾನುವಾರ, ಮಳವಳ್ಳಿ ದಾಟಿ ಬಂಡೂರಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ನೆಲದಿಂದ ನಲವತ್ತಡಿ ಮೇಲೆ, ಒಂದು ಹಳೆಯ ಹುಣಸೆಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಲ್ಲಬೇಕಾಗಿ ಬಂತು. ಅದಕ್ಕೆ ಮೂಲ ಕಾರಣ ಬೀಗರು.

ತಿಮ್ಮಯ್ಯನವರ ಊರು ಆತಗೂರು ಹೋಬಳಿಯ ಗಾಣದಕೊಪ್ಪಲು. ಒಬ್ಬಳೇ ಮಗಳು ಚಂದನ. ಅವಳನ್ನು ನಾಲ್ಕು ತಿಂಗಳ ಹಿಂದೆ ಹೊಳಲಿನ ಅಂಕಯ್ಯನವರ ಮಗ ಸಂತೋಷನಿಗೆ ಕೊಟ್ಟಿದ್ದರು. ಮದುವೆ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಬೀಗರ ಊಟದ ದಿನ. ಅಡುಗೆಗೆಂದು ತಂದು ಕಟ್ಟಿದ್ದ ಟಗರೊಂದು ಹಗ್ಗ ಕಿತ್ತುಕೊಂಡು, ಅಲ್ಲಿದ್ದ ಅಷ್ಟು ಜನರಲ್ಲಿ ಅದೇಕೋ ತಿಮ್ಮಯ್ಯನವರನ್ನೇ ಆರಿಸಿಕೊಂಡಿತು. ಅವರು ಶಾಮಿಯಾನದ ಸುತ್ತ ಮೂರು ಸುತ್ತು ಓಡಿ ಪಾತ್ರೆ ತಂದಿದ್ದ ಟೆಂಪೋದೊಳಗೆ ಸೇರಿಕೊಂಡರು. ಮಧ್ಯಾಹ್ನ ಅದೇ ಟಗರು ಎಲೆಯ ಮೇಲೆ ಬಂದಾಗ ಅಂಕಯ್ಯನವರು ಇಡೀ ಪಂಕ್ತಿಗೆ ಕೇಳುವಂತೆ, "ನಮ್ ಬೀಗ್ರು ಟಗರು ನಿಂತಿದ್ರೆ ಓಡ್ತಾರೆ, ಬೆಂದಿದ್ರೆ ಕೂರ್ತಾರೆ!" ಎಂದರು. ಬಡಿಸುವವರು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕರು.

ಅಂಕಯ್ಯನವರು ಕೆಟ್ಟವರಲ್ಲ. ಒಂದು ಮಾತಿಗೆ ಜನ ನಕ್ಕರೆಂದರೆ ಅದು ಸವೆದು ಹೋಗುವವರೆಗೂ ಬಿಡದೆ ಬಳಸುವ ಸ್ವಭಾವ, ಅಷ್ಟೆ. ಸೊಸೆ ಮುದ್ದೆ ತಂದಿಟ್ಟರೆ, "ಓ, ಟಗರ್ ಕಂಡು ಓಡ್ದೋರ ಮಗಳು ಬಂದ್ಳು" ಎನ್ನುವರು. ನೆಂಟರು ಬಂದರೆ ಹಾಗೆಯೇ ಪರಿಚಯ ಮಾಡಿಸುವರು. ಇದನ್ನು ಚಂದನ ಅವ್ವನಿಗೆ ಫೋನಿನಲ್ಲಿ ನಗುನಗುತ್ತಲೇ ಹೇಳಿದ್ದಳು. ಪಕ್ಕದಲ್ಲಿ ಕೂತಿದ್ದ ತಿಮ್ಮಯ್ಯನವರಿಗೆ ನಗು ಕೇಳಿಸಲಿಲ್ಲ. ಮಗಳು ಆ ಮನೆಯಲ್ಲಿ ದಿನಾ ಅಪ್ಪನ ದೆಸೆಯಿಂದ ತಲೆ ತಗ್ಗಿಸಿ ಊಟ ಬಡಿಸುತ್ತಿದ್ದಾಳೆ ಎಂದೇ ಅವರಿಗೆ ಕಂಡಿತು. ಒಂದೇ ಒಂದು ಸಲ ಬೀಗರ ಕಣ್ಣೆದುರು ಧೈರ್ಯಸ್ಥ ಅನ್ನಿಸಿಕೊಳ್ಳಬೇಕು, ಮಗಳ ತಲೆ ನೆಟ್ಟಗಾಗಬೇಕು. ಅವರಿಗೆ ಬೇಕಾಗಿದ್ದುದು ಇಷ್ಟೇ.

ಅಳಿಯ ಸಂತೋಷ ಎರಡೂ ಮನೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು, ಹೊಸದಾಗಿ ತೆರೆದಿದ್ದ ವಾನರ ಅಡ್ವೆಂಚರ್ ಪಾರ್ಕಿಗೆ ಕರೆದುಕೊಂಡು ಹೊರಟಾಗ ಆ ಘಳಿಗೆ ಬಂದೇ ಬಿಟ್ಟಿತು ಎಂದು ಅವರು ತಿಳಿದರು.

"ಮಾವ, ಮರದ್ ಮೇಲಿಂದ ತಂತಿಲಿ ಜಾರ್ಕಂಡ್ ಓಗದು. ನಿಮ್ಗೆ ಬಯ ಇಲ್ಲ ತಾನೆ?" ಎಂದ ಸಂತೋಷ.

"ಬಯಾನಾ? ನಾನು ನಿನ್ ವಯಸ್ನಲ್ಲಿ ತೆಂಗಿನ್ ಮರದ ಸುಳಿಲಿ ಕುಂತ್ಕಂಡೇ ಎಳ್ನೀರು ಕುಡಿತಿದ್ದೆ ಕಣಪ್ಪ" ಎಂದರು ತಿಮ್ಮಯ್ಯನವರು.

ಹಿಂದಿನ ಸೀಟಿನಲ್ಲಿದ್ದ ಅವರ ಹೆಂಡತಿ ಚಿಕ್ಕಬೋರಮ್ಮ ಕಿಟಕಿಯಾಚೆ ನೋಡತೊಡಗಿದರು. ಗಂಡ ಸುಳ್ಳು ಹೇಳುವಾಗ ಹೊರಗಿನ ಗದ್ದೆ ನೋಡುವುದು ಅವರಿಗೆ ಮದುವೆಯಾದಾಗಿನಿಂದ ಅಭ್ಯಾಸ.

ಪಾರ್ಕಿನ ಬಾಗಿಲಲ್ಲಿ ಒಂದು ಅಚ್ಚು ಮಾಡಿದ ಕಾಗದ ಕೊಟ್ಟರು. ಏನೇ ಅನಾಹುತವಾದರೂ ನಾನೇ ಹೊಣೆ, ಸಿಬ್ಬಂದಿ ಹೇಳಿದಂತೆ ಕೇಳುತ್ತೇನೆ ಎಂಬ ಒಪ್ಪಿಗೆ ಪತ್ರ ಅದು. ತಿಮ್ಮಯ್ಯನವರು "ಇವೆಲ್ಲ ನಂಗೊತ್ತು" ಎಂದು ಓದದೆ ಸಹಿ ಹಾಕಿದರು. ಪಂಚೆ ಉಟ್ಟು ಹತ್ತುವ ಹಾಗಿಲ್ಲ ಎಂದು ಒಂದು ಕೆಂಪು ಪಟ್ಟಿಯ ಪ್ಯಾಂಟು ಕೊಟ್ಟರು. ಸೊಂಟಕ್ಕೆ, ಎರಡೂ ತೊಡೆಗೆ, ಹೆಗಲಿಗೆ ಬೆಲ್ಟುಗಳನ್ನು ಬಿಗಿದರು. ತಲೆಗೆ ಹೆಲ್ಮೆಟ್ಟು ಹಾಕಲು ಪಾರ್ಕಿನ ಹುಡುಗಿಯೊಬ್ಬಳು ಬಂದಾಗ ಚಿಕ್ಕಬೋರಮ್ಮ ತಡೆದರು.

"ತಡಿಯವ್ವ, ಯಾರ್ಯಾರ್ ತಲೆಗಿಕ್ಕಿದ್ದೋ ಏನೋ. ಮೊದ್ಲು ಟವಲ್ ಸುತ್ಕಳ್ಳಿ" ಎಂದು ಗಂಡನ ಹೆಗಲ ಮೇಲಿದ್ದ ಹಸಿರು ಟವಲನ್ನು ತಾವೇ ತಲೆಗೆ ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಇಟ್ಟರು. ಟವಲಿನ ಒಂದು ತುದಿ ಬೆನ್ನ ಮೇಲೆ ಉದ್ದಕ್ಕೆ ಇಳಿಬಿದ್ದಿತು. ಮೇಲೆ ಫೋನು ಒಯ್ಯುವಂತಿಲ್ಲವಾದ್ದರಿಂದ ಅದನ್ನೂ ಚಿಕ್ಕಬೋರಮ್ಮ ಇಸಿದುಕೊಂಡರು.

"ಬನ್ನಿ ಬೀಗ್ರೇ, ಒಟ್ಗೆ ಅತ್ತವಾ" ಎಂದರು ತಿಮ್ಮಯ್ಯನವರು.

ಅಂಕಯ್ಯನವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. "ಉಂಟೇ ಬೀಗ್ರೇ! ಎಣ್ ಕೊಟ್ಟೋರು ನೀವು. ಮೊದಲ್ನೇ ಮರ್ಯಾದೆ ನಿಮ್ದೇ. ನೀವು ಓಗಿ, ನಾನು ಆಮ್ಯಾಕೆ ಬತ್ತೀನಿ."

ಹುಣಸೆಮರದ ಮೇಲೆ ಕಟ್ಟಿದ್ದ ಅಟ್ಟಣೆಗೆ ಕಬ್ಬಿಣದ ಏಣಿಯಿತ್ತು. ಏಣಿ ಹತ್ತುವುದರಲ್ಲಿ ಒಂದು ಅನುಕೂಲವಿದೆ. ಹತ್ತುವಾಗ ಕಣ್ಣು ಮೇಲಿರುತ್ತದೆ. ತಿಮ್ಮಯ್ಯನವರು ಸರಸರನೆ ಹತ್ತಿದರು. ಇಷ್ಟು ಸಲೀಸಾದ ಕೆಲಸವನ್ನು ಐವತ್ತೆಂಟು ವರ್ಷ ಬೇರೆಯವರ ಕೈಲಿ ಮಾಡಿಸಿದೆನಲ್ಲ ಎಂದು ಅವರಿಗೆ ಸ್ವಲ್ಪ ಬೇಸರವೂ ಆಯಿತು. ಮೇಲೆ ಕಾದಿದ್ದ ಪಾರ್ಕಿನ ಹುಡುಗಿ ಸೌಮ್ಯ, ಮಳವಳ್ಳಿಯವಳು, ಅವರ ಬೆಲ್ಟಿನ ಕೊಂಡಿಯನ್ನು ಮರದ ತಂತಿಗೆ ಹಾಕಿ, ಜಾರುವಾಗ ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬಾರದು ಎಂದು ವಿವರಿಸಿದಳು.

"ಗೊತ್ತು ಕಣಮ್ಮ, ಗೊತ್ತು" ಎಂದು ತಿಮ್ಮಯ್ಯನವರು ಬೀಗರಿಗೆ ಕೈ ಬೀಸಲು ಕೆಳಗೆ ನೋಡಿದರು.

ಕೆಳಗೆ ಬೀಗರು ಕಡಲೆಕಾಯಿಯಷ್ಟಿದ್ದರು. ಅಟ್ಟಣೆಯ ಮುಂದೆ ಒಂದು ತಂತಿ, ತಂತಿಯ ಕೆಳಗೆ ಒಂದು ಕಟ್ಟೆಯ ನೀರು, ನೀರಿನಾಚೆ ಎಲ್ಲೋ ಇನ್ನೊಂದು ಮರ. ತಿಮ್ಮಯ್ಯನವರ ಮಂಡಿ ಒಂದು ಸಲ ನಡುಗಿತು, ಆಮೇಲೆ ನಿಲ್ಲಲೇ ಇಲ್ಲ. ಮರುಕ್ಷಣ ಅವರು ಮರವನ್ನು ತಬ್ಬಿಕೊಂಡಿದ್ದರು.

"ಅಂಕಲ್, ಮರ ಬಿಡಿ. ಹಿಂದೆ ಪಾಪುಗಳು ಕಾಯ್ತಾವ್ರೆ" ಎಂದಳು ಸೌಮ್ಯ.

"ವಸಿ ತಡಿಯವ್ವ. ಗಾಳಿ ತಕ್ಕತಾ ಇವ್ನಿ."

ಹತ್ತು ನಿಮಿಷ ಗಾಳಿ ತೆಗೆದುಕೊಂಡಾಯಿತು. ಕಾಯುತ್ತಿದ್ದ ಮಕ್ಕಳನ್ನು ಇನ್ನೊಂದು ಮರಕ್ಕೆ ಕಳಿಸಿದರು. ಏಳು ವರ್ಷದ ಒಂದು ಹುಡುಗಿ ಕಿರುಚುತ್ತಾ ಪಕ್ಕದ ತಂತಿಯಲ್ಲಿ ಹಾದುಹೋಗುತ್ತಾ ತಿಮ್ಮಯ್ಯನವರಿಗೆ ಟಾಟಾ ಮಾಡಿದಳು.

"ಏಣಿಲಿ ಇಳೀತೀರಾ ಅಂಕಲ್?"

ಏಣಿ ಇಳಿಯಬೇಕಾದರೆ ಕಾಲಿಡುವ ಕಡೆ ನೋಡಬೇಕು. ಕಾಲಿಡುವ ಕಡೆಯೇ ನೆಲವಿತ್ತು. "ಬ್ಯಾಡ" ಎಂದರು.

"ಹಂಗಾರೆ ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸ್ತೀವಿ. ಎಷ್ಟೋ ಜನನ್ನ ಇಳಿಸಿದೀವಿ."

"ಬಾವಿಗೆ ಬಿಂದ್ಗೆ ಬುಟ್ಟಂಗಾ?"

ಸೌಮ್ಯ ಯೋಚಿಸಿದಳು. ಸುಳ್ಳು ಹೇಳುವ ಹುಡುಗಿಯಲ್ಲ. "ಹೂಂ, ಹೆಚ್ಚುಕಮ್ಮಿ ಹಂಗೇ" ಎಂದಳು.

ಬೀಗರ ಮುಂದೆ, ಬೀಗಿತ್ತಿಯ ಮುಂದೆ, ಅಳಿಯನ ಮುಂದೆ ಬಿಂದಿಗೆಯ ಹಾಗೆ ತೂಗಾಡುತ್ತಾ ಇಳಿಯುವುದನ್ನು ತಿಮ್ಮಯ್ಯನವರು ಒಂದು ಸಲ ಕಲ್ಪಿಸಿಕೊಂಡರು. ಟಗರಿನ ಮಾತು ಸವೆಯಲು ಹತ್ತು ವರ್ಷ ಬೇಕು. ಬಿಂದಿಗೆಯ ಮಾತು ಮೊಮ್ಮಕ್ಕಳ ಕಾಲಕ್ಕೂ ಸವೆಯದು. ಅವರು ಮರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಕೆಳಗೆ ಜನ ಸೇರತೊಡಗಿದರು. "ಇಳೀರೀ!" ಎಂದು ಚಿಕ್ಕಬೋರಮ್ಮ ಕೂಗಿದರು. "ಅಪ್ಪಾ, ಇಳ್ದ್ಬುಡಪ್ಪಾ, ಯಾರೂ ಏನೂ ಅನ್ನಕಿಲ್ಲ!" ಎಂದು ಚಂದನ ಕೂಗಿದಳು. ಅವಳ ದನಿಯಲ್ಲಿ ಅಳುವಿತ್ತು. ಅಂಕಯ್ಯನವರು ಬಾಯಿಗೆ ಎರಡೂ ಕೈ ಕಟ್ಟಿಕೊಂಡು, "ಏನ್ ಬೀಗ್ರೇ, ಮ್ಯಾಲೂ ಟಗರು ಅದಾ?" ಎಂದು ಕೂಗಿದರು.

ಅದು ನೇರವಾಗಿ ಎದೆಗೆ ಬಂದು ಬಡಿಯಿತು. ಉಳಿದಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ ತಿಮ್ಮಯ್ಯನವರು ಗುಡುಗಿದರು: "ನಾನು ಇಳಿಯಕಿಲ್ಲಾ!"

ಸರಿಯಾಗಿ ಆ ಹೊತ್ತಿಗೆ ರಸ್ತೆಯಲ್ಲಿ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಲ್ಲಿ ಇದ್ದವನು ಗಾಣದಕೊಪ್ಪಲಿನ ಮಹದೇವು, ತಿಮ್ಮಯ್ಯನವರ ಪಕ್ಕದ ಮನೆಯವನು. ಬಂಡೂರಿನಲ್ಲಿ ಎರಡು ಕುರಿ ಕೊಂಡುಕೊಂಡು ಊರಿಗೆ ಹೊರಟಿದ್ದ. ಅವನು ಕಂಡದ್ದು ಇಷ್ಟು. ಮರದ ಮೇಲೆ ಒಬ್ಬ ರೈತ. ತಲೆಯಿಂದ ಇಳಿಬಿದ್ದ ಹಸಿರು ಟವಲು. ಮರಕ್ಕೆ ತನ್ನನ್ನು ತಾನೇ ಬೆಲ್ಟಿನಿಂದ ಬಿಗಿದುಕೊಂಡಿದ್ದಾನೆ. ಕೆಳಗೆ ಹೆಂಡತಿ, ಮಗಳು ಗೋಗರೆಯುತ್ತಿದ್ದಾರೆ. ಅವನು ಇಳಿಯುವುದಿಲ್ಲ ಎನ್ನುತ್ತಿದ್ದಾನೆ.

ಬೇರೆ ಜಿಲ್ಲೆಯವನಾಗಿದ್ದರೆ, ಇದೇನು, ಯಾಕೆ ಹತ್ತಿದ್ದಾರೆ ಎಂದು ಯಾರನ್ನಾದರೂ ಕೇಳುತ್ತಿದ್ದನೇನೋ. ಮಂಡ್ಯ ಸೀಮೆಯವನಿಗೆ ಅದರ ಅಗತ್ಯವಿಲ್ಲ. ಮರವೋ ನೀರಿನ ಟ್ಯಾಂಕೋ ಹತ್ತಿ ಕೂತವನನ್ನು ಹುಟ್ಟಿದಾಗಿನಿಂದ ನೋಡಿದ್ದಾನೆ. ಮಹದೇವು ಫೋನು ತೆಗೆದು ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ: "ನಮ್ಮ ತಿಮ್ಮಣ್ಣ ಮಳವಳ್ಳಿ ರೋಡಲ್ಲಿ ಮರ ಹತ್ತವ್ರೆ. ಬೇಡಿಕೆ ಈಡೇರೋಗಂಟ ಇಳಿಯಲ್ವಂತೆ." ಎರಡನೆಯ ವಾಕ್ಯವನ್ನು ಯಾರೂ ಹೇಳಿರಲಿಲ್ಲ. ಅದಿಲ್ಲದೆ ಮೊದಲನೆಯದು ಅರ್ಧಂಬರ್ಧ ಅನ್ನಿಸಿ ತಾನೇ ಸೇರಿಸಿದ.

ಕಾಲು ಗಂಟೆಯಲ್ಲಿ ಚಿಕ್ಕಬೋರಮ್ಮನ ಸೊಂಟದಲ್ಲಿದ್ದ ಗಂಡನ ಫೋನು ಊರಿನವರ ಕರೆಗೆ ಬಡಿದುಕೊಳ್ಳತೊಡಗಿತು.

"ಅತ್ಗೆಮ್ಮ, ತಿಮ್ಮಣ್ಣ ಎಲ್ಲಿ?"

"ಮರದ್ ಮೇಲವ್ರೆ."

"ಇಳಿಯಕಿಲ್ವಂತಾ?"

"ಇಳಿಯಕಿಲ್ಲ ಅಂತ್ಲೇ ಕುಂತವ್ರೆ ಕಣಪ್ಪ. ನೀರೂ ಬ್ಯಾಡ ಅಂತಾವ್ರೆ."

ಅವರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಸುದ್ದಿಯಲ್ಲಿ ಅದು ಉಪವಾಸವೂ ಆಯಿತು.

ಮೊದಲು ಬಂದವರು ಇಬ್ಬರು ಪೊಲೀಸರು. ಅವರನ್ನು ಕಂಡೊಡನೆ ತಿಮ್ಮಯ್ಯನವರು ಮರದ ಮರೆಗೆ ಮುಖ ಸರಿಸಿದರು. ಸಿಬ್ಬಂದಿ ಹೇಳಿದಂತೆ ಕೇಳುತ್ತೇನೆ ಎಂದು ಬರೆದುಕೊಟ್ಟು ಕೇಳಲಿಲ್ಲವಲ್ಲ, ಅದಕ್ಕೇ ಪಾರ್ಕಿನವರು ದೂರು ಕೊಟ್ಟಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು.

"ಸ್ವಾಮೀ, ಪೇಪರ್ಗೆ ಸೈನ್ ಆಕಿದ್ದು ದಿಟ! ಆದ್ರೆ ಅದ್ರಲ್ ಏನ್ ಬರ್ದವ್ರೆ ಅಂತ ನಂಗೊತ್ತಿಲ್ಲ!" ಎಂದು ಮೇಲಿಂದಲೇ ಒಪ್ಪಿಕೊಂಡರು.

ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮನವಿ ಪತ್ರ ಬೇರೆ ರೆಡಿ ಮಾಡವ್ರೆ ಸಾರ್. ಇಂದೆ ಯಾರೋ ದೊಡ್ಡೋರೇ ಅವ್ರೆ" ಎಂದು ಒಬ್ಬ ವಾಕಿಟಾಕಿಯಲ್ಲಿ ಹೇಳಿದ.

ಇಷ್ಟಕ್ಕೆ ಯಾರೂ ಓಡಿಬರುತ್ತಿರಲಿಲ್ಲ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ಒಬ್ಬ ಸಚಿವರು ಇದೇ ರಸ್ತೆಯಲ್ಲಿ ಹಾದುಹೋಗುವವರಿದ್ದರು. ದಾರಿಯಲ್ಲಿ ಮರದ ಮೇಲೆ ರೈತನಿರುವುದು ಯಾರಿಗೂ ಬೇಕಿರಲಿಲ್ಲ. ಎರಡು ಗಂಟೆಗೆ ಜೀಪಿನಲ್ಲಿ ಜಿಲ್ಲಾ ಕಚೇರಿಯ ಒಬ್ಬ ಸಾಹೇಬರು ಬಂದಿಳಿದರು. ಎರಡೂಕಾಲಕ್ಕೆ ಗಾಣದಕೊಪ್ಪಲಿನವರು ಎರಡು ಟೆಂಪೋ, ಒಂದು ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಬಂದವರಲ್ಲಿ ಅರ್ಧ ಜನ ತಿಮ್ಮಯ್ಯನವರ ಜೊತೆ ಮಾತು ಬಿಟ್ಟವರು. ಈಗ ಅವರ ಗಂಟಲೇ ಎಲ್ಲರಿಗಿಂತ ಮೇಲಿತ್ತು. "ತಿಮ್ಮಯ್ಯನವರಿಗೆ ಜಯವಾಗಲಿ!"

ತಿಮ್ಮಯ್ಯನವರಿಗೆ ಏನೊಂದೂ ಅರ್ಥವಾಗಲಿಲ್ಲ. ತಾನು ಹೆದರಿ ಮರ ತಬ್ಬಿರುವುದಕ್ಕೆ ಊರಿನವರು ಟೆಂಪೋ ಮಾಡಿಕೊಂಡು ಬಂದು ಜಯಕಾರ ಹಾಕುವುದೇಕೆ? ಗೇಲಿ ಮಾಡುತ್ತಿದ್ದಾರೆಯೇ? ಗೇಲಿಗೆ ಇಷ್ಟು ದೂರ ಬರುತ್ತಾರೆಯೇ?

"ಯಾಕ್ ಕೂಗ್ತಾವ್ರವ್ವ?" ಎಂದು ಸೌಮ್ಯಳನ್ನು ಕೇಳಿದರು.

"ನಂಗೂ ಗೊತ್ತಾಯ್ತಿಲ್ಲ ಅಂಕಲ್. ಇಲ್ಲೀಗಂಟ ಯಾರಿಗೂ ಇಷ್ಟು ಜನ ಬಂದಿರ್ಲಿಲ್ಲ" ಎಂದಳು ಅವಳು.

ಕೆಳಗೆ ಸುದ್ದಿ ಚಾನೆಲ್ಲಿನ ಒಬ್ಬ ಹುಡುಗ ಮೈಕು ಹಿಡಿದು ಚಿಕ್ಕಬೋರಮ್ಮನ ಮುಂದೆ ನಿಂತು, ನಿಮ್ಮ ಯಜಮಾನರ ಹೋರಾಟದ ಬಗ್ಗೆ ಹೇಳಿ ಎಂದ. ಚಿಕ್ಕಬೋರಮ್ಮನಿಗೆ ರೇಗಿತ್ತು. "ಓರಾಟನಾ? ಬಚ್ಚಲ್ ಮನೆ ಬಲ್ಬು ಓಗಿ ಎರಡ್ ತಿಂಗ್ಳಾಯ್ತು. ಸ್ಟೂಲ್ ಅತ್ತಿ ಒಂದ್ ಬಲ್ಬ್ ಆಕ್ನಿಲ್ಲ ಈವಯ್ಯ!" ಎಂದರು. ಹುಡುಗ ಕ್ಯಾಮೆರಾ ಕಡೆ ತಿರುಗಿ, "ನೋಡಿ ವೀಕ್ಷಕರೇ, ಸ್ವಂತ ಮನೆ ಕತ್ತಲಲ್ಲಿದ್ದರೂ ಲೆಕ್ಕಿಸದೆ ಊರಿಗಾಗಿ ಮರವೇರಿದ ಜೀವ!" ಎಂದ.

ಆಗ ಸಾಹೇಬರು ಪೊಲೀಸರ ಮೈಕು ಇಸಿದುಕೊಂಡು ಮರದ ಬುಡಕ್ಕೆ ಬಂದರು.

"ಯಜಮಾನ್ರೇ, ಇಳಿದು ಬನ್ನಿ, ಕೂತು ಮಾತಾಡೋಣ. ನಿಮ್ಮ ಬೇಡಿಕೆ ಏನು?"

ಬೇಡಿಕೆ! ಆ ಒಂದು ಮಾತಿಗೆ ತಿಮ್ಮಯ್ಯನವರ ತಲೆಯಲ್ಲಿ ಎಲ್ಲವೂ ಬೆಳಗಾಯಿತು. ಇವರೆಲ್ಲ ತನ್ನನ್ನು ಹೆದರಿದವನೆಂದುಕೊಂಡಿಲ್ಲ, ಹೋರಾಟಗಾರನೆಂದುಕೊಂಡಿದ್ದಾರೆ. ಬೀಗರ ಕಡೆ ನೋಡಿದರು. ಅಂಕಯ್ಯನವರ ಬಾಯಿ ತೆರೆದಿತ್ತು, ನಗು ಇರಲಿಲ್ಲ. ಪಕ್ಕದಲ್ಲಿ ಚಂದನ ಕಣ್ಣೊರೆಸಿಕೊಂಡು ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಮಗಳು ತಲೆಯೆತ್ತಿ ನೋಡಿದ ಮೇಲೆ ನಿಜ ಹೇಳುವ ಬಾಯಿ ಯಾವ ಅಪ್ಪನಿಗಿದೆ?

"ನಮ್ಮೂರ ನಾಲೆ ತೂಬಿನ ಬಾಗ್ಲು ಕಿತ್ತೋಗಿ ಆರ್ ವರ್ಸ ಆಯ್ತು! ಅದು ಸರಿಯಾಗಗಂಟ ಇಳಿಯಕಿಲ್ಲ!"

ಊರಿನವರು ಕುಣಿದರು. ತಿಮ್ಮಯ್ಯನವರು ನೆಮ್ಮದಿಯ ಉಸಿರು ಬಿಟ್ಟರು. ಆರು ವರ್ಷ ಆಗದ ಕೆಲಸ ಇನ್ನಾರು ತಿಂಗಳಾದರೂ ಆಗದು. ಅಷ್ಟರಲ್ಲಿ ಕತ್ತಲಾದರೆ ಜನ ಚದುರುತ್ತಾರೆ, ಹೇಗೋ ಕಣ್ಣು ಮುಚ್ಚಿಕೊಂಡು ಇಳಿದರಾಯಿತು ಎಂಬುದು ಅವರ ಲೆಕ್ಕ.

ಸಾಹೇಬರು ಗಡಿಯಾರ ನೋಡಿ, ಫೋನಿನಲ್ಲಿ ಎರಡು ನಿಮಿಷ ಮಾತಾಡಿ, "ಆಯಿತು. ಸೋಮವಾರ ಬೆಳಿಗ್ಗೆ ಕೆಲಸ ಶುರು. ಇಳಿಯಿರಿ" ಎಂದರು.

ತಿಮ್ಮಯ್ಯನವರಿಗೆ ಸಿಡಿಲು ಬಡಿದಂತಾಯಿತು.

"ಅಂಕಲ್, ಒಪ್ಕೊಂಡ್ರು! ಜಾರ್ತೀರಾ, ಏಣಿನಾ?" ಎಂದು ಸೌಮ್ಯ ಕೊಂಡಿಗೆ ಕೈ ಹಾಕಿದಳು.

"ಮುಟ್ಬ್ಯಾಡ!" ಎಂದು ಅವಳಿಗೆ ಹೇಳಿ, ಕೆಳಗೆ ಕೂಗಿದರು: "ಅದೊಂದೇ ಅಲ್ಲಾ! ಬೆಳಗ್ಗೆ ಬಸ್ಸು ನಮ್ಮೂರ್ ಗೇಟ್ನಲ್ಲಿ ನಿಲ್ಲಕಿಲ್ಲ! ಐಕ್ಳು ಸ್ಕೂಲ್ಗೆ ನಡ್ಕಂಡ್ ಓಯ್ತವೆ!"

ಇನ್ನೊಂದು ಫೋನು. "ನಾಳೆಯಿಂದಲೇ ನಿಲ್ಲುತ್ತೆ. ಇಳಿಯಿರಿ."

"ದನಿನ್ ಡಾಕ್ಟ್ರು!"

"ವಾರಕ್ಕೆ ಎರಡು ದಿನ ಕಳಿಸ್ತೀವಿ."

"ಮೂರ್ ದಿನ!"

"ಮೂರು ದಿನ. ಇಳಿಯಿರಿ ಯಜಮಾನ್ರೇ!"

ತಿಮ್ಮಯ್ಯನವರ ಹಣೆಯಲ್ಲಿ ಬೆವರು ಹರಿಯಿತು. ಇಡೀ ಜೀವಮಾನದಲ್ಲಿ ಯಾವ ಕಚೇರಿಯಲ್ಲೂ ಒಂದು ಅರ್ಜಿಗೂ ಆಗಲಿ ಎಂದವರಿರಲಿಲ್ಲ. ಆಗದು ಎನ್ನಬೇಕಾದ ಹೊತ್ತಿಗೆ ಸರಿಯಾಗಿ ಈ ಪುಣ್ಯಾತ್ಮ ಎಲ್ಲಕ್ಕೂ ಆಗಲಿ ಎನ್ನುತ್ತಿದ್ದಾನೆ! ಬಾಯಿಮಾತು ನಂಬುವುದಿಲ್ಲ, ಬರೆದು ಕೊಡಿ ಎಂದರು. ಸಾಹೇಬರು ಪಾರ್ಕಿನ ಒಪ್ಪಿಗೆ ಪತ್ರವೊಂದರ ಬೆನ್ನಿಗೆ ಅಲ್ಲೇ ನಿಂತು ಬರೆದರು. ಮೊಹರು ಬೇಕು ಎಂದರು ತಿಮ್ಮಯ್ಯನವರು, ಇನ್ನು ಗೆದ್ದೆ ಎಂದುಕೊಂಡು. ಭಾನುವಾರ ಮಧ್ಯಾಹ್ನ ಮೊಹರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ಅಧಿಕಾರಿ ಈ ಭೂಮಿಯ ಮೇಲೆ ಹುಟ್ಟಿಲ್ಲ.

"ಡ್ರೈವರ್, ಜೀಪಲ್ಲಿ ಮೊಹರಿದೆ, ತಗೊಂಡು ಬಾ" ಎಂದರು ಸಾಹೇಬರು.

ಠಪ್ ಎಂದು ಮೊಹರು ಬಿದ್ದ ಸದ್ದು ನಲವತ್ತಡಿ ಮೇಲೂ ಕೇಳಿಸಿತು. ಗಾಣದಕೊಪ್ಪಲಿನವರು ಮಹದೇವುವನ್ನು ಹೆಗಲ ಮೇಲೆ ಹೊತ್ತರು. ಹೊರಬೇಕಾದವರು ಇನ್ನೂ ಇಳಿದಿರಲಿಲ್ಲವಲ್ಲ. "ಆರು ವರ್ಷದಿಂದ ನಾವು ಅಲೆದಲೆದು ಆಗದೇ ಇದ್ದದ್ದು, ಮೂರು ಗಂಟೇಲಿ ಮಾಡ್ಬುಟ್ರು ಕಣ್ಲಾ ತಿಮ್ಮಣ್ಣ! ಏನ್ ಗಟ್ಟಿ ಆಸಾಮಿಲಾ!" ಎಂದು ಒಬ್ಬ ಪಕ್ಕದವನ ಬೆನ್ನಿಗೆ ಗುದ್ದಿದ.

ಮರದ ಮೇಲೆ ಗಟ್ಟಿ ಆಸಾಮಿಗೆ ಅಳು ಬರುವಂತಾಗಿತ್ತು. ಕೇಳಲು ಇನ್ನೇನೂ ಹೊಳೆಯುತ್ತಿರಲಿಲ್ಲ. ಊರಿಗೆ ಇಷ್ಟು ಕಡಿಮೆ ಕಷ್ಟಗಳಿವೆ ಎಂಬುದು ಅವರಿಗೆ ಅವತ್ತೇ ಗೊತ್ತಾದದ್ದು.

"ಅಂಕಲ್," ಸೌಮ್ಯ ಮೆಲ್ಲಗೆ ಕೇಳಿದಳು, "ನಿಮ್ಗೆ ಇಳಿಯಕ್ಕೆ ಭಯ ಅಲ್ವಾ?"

ತಿಮ್ಮಯ್ಯನವರು ಮರದ ತೊಗಟೆಗೆ ಹಣೆಯಿಟ್ಟರು. "ಊಂ ಕಣವ್ವ" ಎಂದರು. "ಯಾರ್ಗೂ ಯೋಳ್ಬ್ಯಾಡ. ಮಗಳ್ನ ಕೊಟ್ಟಿವ್ನಿ. ಬೀಗ್ರು ಒಬ್ರಿಗೆ ಗೊತ್ತಾದ್ರೆ ನನ್ ಕೂಸು ಆ ಮನೇಲಿ ಅನ್ನಿಸ್ಕಂಡ್ ಅನ್ನಿಸ್ಕಂಡೇ ಸಾಯ್ತದೆ."

ಸೌಮ್ಯ ಅವರ ಬೆನ್ನಿಗೆ ಇಳಿಬಿದ್ದಿದ್ದ ಟವಲಿನ ತುದಿಯಿಂದ ಅವರ ಬೆವರು ಒರೆಸಿದಳು. ಕೆಳಗಿನವರು ಅದನ್ನೂ ಕಂಡು ಚಪ್ಪಾಳೆ ತಟ್ಟಿದರು.

ಆದರೆ ಬೀಗರು ಬೇರೆಯೇ ಲೋಕದಲ್ಲಿದ್ದರು. ಇವರು ಯಾರು ಎಂದು ಯಾರೋ ಕೇಳಿದ್ದಕ್ಕೆ, ಮೇಲಿರುವವರ ಬೀಗರು ಎಂಬ ಉತ್ತರ ಬಂದಿತ್ತು. ಅಷ್ಟಕ್ಕೇ ಸಾಹೇಬರು ಕೈ ಮುಗಿದು, ಕುರ್ಚಿ ಹಾಕಿಸಿದ್ದರು. ಮೈಕಿನ ಹುಡುಗ ಎರಡು ಸಲ ಮಾತಾಡಿಸಿದ್ದ. ಅಂಕಯ್ಯನವರು, "ನಾನು ಅವ್ರ್ ಮಗಳ್ನ ತಂದಿದ್ದೇ ಅವ್ರ್ ದೈರ್ಯ ನೋಡಿ" ಎಂದು ಎರಡು ಸಲವೂ ಹೇಳಿದ್ದರು. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ಹೇಳುತ್ತಾ ಹೇಳುತ್ತಾ ಅವರೇ ನಂಬಿಬಿಟ್ಟಿದ್ದರು.

ಅಷ್ಟರಲ್ಲಿ ಯಾರೋ ಸಚಿವರಿಗೆಂದು ತಂದಿದ್ದ ಸೇವಂತಿಗೆಯ ಭಾರಿ ಹಾರವನ್ನು ಎತ್ತಿಕೊಂಡು ಬಂದರು. ಗೆದ್ದವರನ್ನು ಬರಿಗೈಯಲ್ಲಿ ಇಳಿಸುವುದು ಹೇಗೆ? ಮೇಲೆ ಹೋಗಿ ಹಾರ ಹಾಕಿ ಮರ್ಯಾದೆಯಿಂದ ಕರೆತರಬೇಕು ಎಂದು ತೀರ್ಮಾನವಾಯಿತು. ಯಾರು ಹೋಗುವುದು ಎಂಬ ಪ್ರಶ್ನೆಗೆ ಮಹದೇವು ಎದ್ದು ನಿಂತ.

"ಎಲಾ ಇವ್ನಾ!" ಅಂಕಯ್ಯನವರು ಕುರ್ಚಿಯಿಂದ ಎದ್ದರು. "ಬೀಗ ಅಂತ ನಾನ್ ಗುಂಡ್ಕಲ್ಲಂಗೆ ಕುಂತಿವ್ನಿ. ನನ್ನ ಬುಟ್ಟು ಇನ್ಯಾವನ್ಲಾ ಆರ ಆಕದು? ತತ್ತಾ ಇಲ್ಲಿ!"

"ಬ್ಯಾಡ ಕಣಪ್ಪೋ, ನಿಂಗೆ..." ಎಂದು ಸಂತೋಷ ಏನೋ ಹೇಳಲು ಹೋದ. ಬೀಗಿತ್ತಿಯೂ ತಡೆಯಲು ನೋಡಿದರು. ಅಂಕಯ್ಯನವರು ಯಾರ ಮಾತೂ ಕೇಳಲಿಲ್ಲ. ಪಂಚೆಯ ಜಾಗದಲ್ಲಿ ಪ್ಯಾಂಟು ಬಂತು, ಬೆಲ್ಟು ಬಿಗಿದದ್ದಾಯಿತು, ಹೆಲ್ಮೆಟ್ಟು ಕೂತಿತು. ಹಾರವನ್ನು ತಮ್ಮ ಕೊರಳಿಗೇ ಹಾಕಿಕೊಂಡು, ಕಣ್ಣನ್ನು ಮೇಲೆ ನೆಟ್ಟು, ಜಯಕಾರದ ನಡುವೆ ಅವರು ಕಬ್ಬಿಣದ ಏಣಿಯನ್ನು ಸರಸರನೆ ಹತ್ತಿದರು.

ಏಣಿ ಅಲುಗುವುದು ಕಂಡು ತಿಮ್ಮಯ್ಯನವರು ಕಣ್ಣು ಮುಚ್ಚಿಕೊಂಡರು. ಮುಗಿಯಿತು. ಹತ್ತಿರದಿಂದ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಮಂಡಿ ಇನ್ನೂ ನಡುಗುತ್ತಲೇ ಇದೆ. ಈ ಮನುಷ್ಯನಂತೂ ಅಟ್ಟಣೆಯ ಮೇಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಾನೆ.

"ಬೀಗ್ರೇ! ಗೆದ್ಬುಟ್ರಿ!" ಎಂದು ಅಂಕಯ್ಯನವರು ಅಟ್ಟಣೆಗೆ ಬಂದು ನಿಂತರು. ಸೌಮ್ಯ ಅವರ ಕೊಂಡಿಯನ್ನೂ ತಂತಿಗೆ ಹಾಕಿದಳು. ಅಂಕಯ್ಯನವರು ಹಾರ ತೆಗೆದು, ಮರ ಬಿಡದ ತಿಮ್ಮಯ್ಯನವರ ಕೊರಳಿಗೆ ಹೇಗೋ ಇಳಿಸಿ, ಜನರಿಗೆ ಕೈ ಮುಗಿಯಲು ಠೀವಿಯಿಂದ ತಿರುಗಿದರು. ತಿರುಗಿ ಕೆಳಗೆ ನೋಡಿದರು.

ಕೈ ಮುಗಿಯುವುದು ಅರ್ಧಕ್ಕೆ ನಿಂತಿತು. ಮುಖದ ಬಣ್ಣ ಇಳಿಯಿತು. ಒಂದು ಕ್ಷಣ ತೂಗಾಡಿ, ಅಂಕಯ್ಯನವರು ಸಿಕ್ಕಿದ್ದನ್ನು ತಬ್ಬಿಕೊಂಡರು. ಸಿಕ್ಕಿದ್ದು ತಿಮ್ಮಯ್ಯನವರೇ. ಕೆಳಗೆ ಶಿಳ್ಳೆ ಬಿತ್ತು. ಬೀಗರು ಬೀಗರನ್ನು ಹೀಗೆ ಎದೆಗಪ್ಪಿಕೊಂಡದ್ದನ್ನು ಆ ಭಾಗದಲ್ಲಿ ಯಾರೂ ನೋಡಿರಲಿಲ್ಲ.

ಬಹಳ ಹೊತ್ತಾದರೂ ಅಪ್ಪುಗೆ ಸಡಿಲಲಿಲ್ಲ. ತಿಮ್ಮಯ್ಯನವರು ಒಂದು ಕಣ್ಣು ತೆರೆದರು. ತಮ್ಮದಲ್ಲದ ಇನ್ನೆರಡು ಮಂಡಿಗಳು ನಡುಗುತ್ತಿದ್ದವು.

"ಬೀಗ್ರೇ," ಅಂಕಯ್ಯನವರು ಅವರ ಕಿವಿಯಲ್ಲಿ ಉಸುರಿದರು. ದನಿ ಎಳೆಗರುವಿನದಾಗಿತ್ತು. "ಯಾರ್ಗೂ ಯೋಳ್ಬ್ಯಾಡಿ. ನಂಗೆ ಚಿಕ್ಕಂದಿಂದ್ಲೂ ಅಟ್ಟ ಕಂಡ್ರೂ ಬಯ. ನನ್ ಕೈಲಿ ಇಳಿಯಕ್ಕಾಗಕಿಲ್ಲ. ನೀವು ದೈರ್ಯಸ್ತ್ರು... ನನ್ ಬುಟ್ಬುಟ್ ಓಗ್ಬ್ಯಾಡಿ."

ತಿಮ್ಮಯ್ಯನವರು ಆ ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯನನ್ನು ನೋಡಿದರು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಸೇವಂತಿಗೆಯ ಎಸಳೊಂದು ಮೀಸೆಗೆ ಅಂಟಿತ್ತು. ನಾಲ್ಕು ತಿಂಗಳಿಂದ ಎದೆಯಲ್ಲಿ ಗಂಟುಕಟ್ಟಿಕೊಂಡಿದ್ದುದು ಆ ಕ್ಷಣಕ್ಕೆ ಕರಗಿ ಹೋಯಿತು. ಮಗಳು ಒಳ್ಳೆಯ ಮನೆಯನ್ನೇ ಸೇರಿದ್ದಾಳೆ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಒಂದು ಕೈಯನ್ನು ಮರದಿಂದ ಬಿಡಿಸಿ ಬೀಗರ ಬೆನ್ನ ಮೇಲಿಟ್ಟರು.

"ಎಲ್ಗೂ ಓಗಕಿಲ್ಲ ಬುಡಿ ಬೀಗ್ರೇ. ನಾನೂ ಇಲ್ಲೇ ಇರ್ತೀನಿ" ಎಂದರು.

ಕೆಳಗೆ ಗಂಟೆ ಮೂರೂವರೆಯಾಗಿತ್ತು. ಇಳಿಸಲು ಹೋದವರೂ ಮೇಲೆಯೇ ಉಳಿದದ್ದು ಕಂಡು ಗುಂಪಿನಲ್ಲಿ ಗುಜುಗುಜು ಎದ್ದಿತು. ಅಷ್ಟರಲ್ಲಿ ಮಹದೇವುಗೆ ವಿಷಯ ಹೊಳೆಯಿತು. "ಓಳಲ್ನೋರೂ ಓರಾಟಕ್ಕೆ ಕುಂತ್ರು ಕಣ್ರಲಾ!" ಎಂದು ಕೂಗಿ ಫೋನು ತೆಗೆದ. ಚಂದನ ಅಳುವುದು ಬಿಟ್ಟು ಗಂಡನ ತೋಳು ಹಿಡಿದು ನಗುತ್ತಿದ್ದಳು.

ಸಾಹೇಬರು ಬೆವರು ಒರೆಸಿಕೊಂಡು, ಖಾಲಿ ಕಾಗದವೊಂದನ್ನು ಇಸಿದುಕೊಂಡು, ಮೊಹರನ್ನು ಕೈಯಲ್ಲೇ ಹಿಡಿದು ಮರದ ಬುಡಕ್ಕೆ ಬಂದರು. "ಸರಿ ಯಜಮಾನ್ರೇ! ಈಗ ಇವರದೇನು ಬೇಡಿಕೆ?"

ತಿಮ್ಮಯ್ಯನವರು ಬೀಗರ ಕಿವಿಗೆ ಬಾಯಿಟ್ಟರು.

"ಓಳಲ್ಗೆ ಏನೇನ್ ಆಗ್ಬೇಕು, ನೆನ್ಪ್ ಮಾಡ್ಕಂಡ್ ಯೋಳಿ ಬೀಗ್ರೇ. ಬೇಗ ಬೇಗ ಒಪ್ಕತಾನೆ, ವಸಿ ಜಾಸ್ತಿನೇ ಯೋಳಿ."